ನಿಂಗಲೂ ಹವಳದ ದಿಬ್ಬ: ಡೇರೆ ಪಾರ್ಕಿನೊಳಗೋ, ಎಕ್ಸ್‌ಮೌತ್‌ನಲ್ಲೋ?

ನಿಂಗಲೂ ದಿಬ್ಬದ ಪಕ್ಕದಲ್ಲೇ ಇರುವ ಪಶ್ಚಿಮ ಆಸ್ಟ್ರೇಲಿಯಾದ ಕೇಪ್ ರೇಂಜ್ ರಾಷ್ಟ್ರೀಯ ಉದ್ಯಾನದೊಳಗೆ, ಆಸ್ಪ್ರೇ ಬೇಯಂಥ ಡೇರೆ ತಾಣದಲ್ಲಿ, ಬಾಡಿಗೆ ಕಡಿಮೆ. ಡೇರೆಯಿಂದ ನಾಲ್ಕು ಹೆಜ್ಜೆಗೆ ಸಮುದ್ರ. ಆದರೆ ಕುಡಿಯುವ ನೀರು, ವಿದ್ಯುತ್ ಇಲ್ಲ; ಬೆಂಕಿ ಹಾಕುವಂತಿಲ್ಲ. ತಲೆಗೆ ದಿನಕ್ಕೆ ಕನಿಷ್ಠ 5 ಲೀಟರ್ ನೀರು, ಅಡುಗೆಗೆ ಗ್ಯಾಸ್ ಒಲೆ ಒಯ್ಯಿರಿ. ಸುಣ್ಣಕಲ್ಲಿನ ನೆಲದಲ್ಲಿ ತೆಳು ಗೂಟ ಬಾಗುತ್ತದೆ, ಗಾಳಿಗೆ ಡೇರೆ ಹಾರುತ್ತದೆ. ದಪ್ಪ ಉಕ್ಕಿನ ಗೂಟವೇ ಬೇಕು. ಜಾಗವನ್ನು ತಿಂಗಳುಗಳ ಮೊದಲೇ ಕಾದಿರಿಸಿ.

ಎಕ್ಸ್‌ಮೌತ್ ಪಟ್ಟಣದ ಕ್ಯಾರವಾನ್ ಪಾರ್ಕ್‌ಗಳಲ್ಲಿ ಬಿಸಿನೀರು, ಕರೆಂಟು, ಅಂಗಡಿ ಎಲ್ಲವೂ ಇವೆ. ಆದರೆ ಈಜುತ್ತಾ ಹವಳ ನೋಡುವ ಟರ್ಕಾಯ್ಸ್ ಬೇ ಕಡಲತೀರಕ್ಕೆ ಸುಮಾರು ಒಂದು ಗಂಟೆ ಕಾರು ಓಡಿಸಬೇಕು.

ಚಿಕ್ಕ ಮಕ್ಕಳಿದ್ದರೆ ಪಟ್ಟಣ; ಮೌನ, ನಕ್ಷತ್ರ ಬೇಕಿದ್ದರೆ ಪಾರ್ಕು. ಎಲ್ಲಿ ಉಳಿದರೂ, ಟರ್ಕಾಯ್ಸ್ ಬೇಯಲ್ಲಿ ಈಜುವಾಗ ನೀರಿನ ಸೆಳೆತ ನಿಮ್ಮನ್ನು ಉತ್ತರಕ್ಕೆ ಒಯ್ಯುತ್ತದೆ. ಅಲ್ಲಿ ನೀರಿಗೆ ಚಾಚಿದ ಮರಳುದಿಣ್ಣೆ ತಲುಪುವ ಮೊದಲೇ ದಡ ಸೇರಿ.