ಜೀವಶಾಸ್ತ್ರ ನಿಜಕ್ಕೂ ಅರ್ಥವಾಗಿದೆಯೇ? ನಾಲ್ಕು ಬಗೆಯ ಪ್ರಶ್ನೆಗಳ ಹೋಲಿಕೆ

ಪಿಯು ತರಗತಿಯಲ್ಲಿ ಒಂದೇ ಪಾಠಗಳ ಮೇಲೆ ನಾಲ್ಕು ಬಗೆಯ ಪ್ರಶ್ನೆಗಳನ್ನು ಕೊಟ್ಟು ನೋಡಿದರೆ, ಅಂಕಪಟ್ಟಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ.

ಸಾಮಾನ್ಯ ಬಹು ಆಯ್ಕೆ ಪ್ರಶ್ನೆಯ ಅನುಕೂಲ ಎಲ್ಲರಿಗೂ ಗೊತ್ತು. ಬೇಗ ತಿದ್ದಬಹುದು, ಇಡೀ ಪಠ್ಯವನ್ನು ಮುಟ್ಟಬಹುದು. ಆದರೆ ಕಣ್ಣುಮುಚ್ಚಿ ಗುರುತು ಹಾಕಿದರೂ ನಾಲ್ಕರಲ್ಲಿ ಒಂದು ಸರಿಯಾಗುತ್ತದೆ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ ಸರಿಗೆ 4, ತಪ್ಪಿಗೆ ಮೈನಸ್ 1. ಲೆಕ್ಕ ಹಾಕಿದರೆ ಅಲ್ಲೂ ಬರೀ ಊಹೆಗೆ ಸರಾಸರಿ ಕಾಲು ಅಂಕ ದಕ್ಕುತ್ತದೆ! ಇದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ‘ಗಿಡ ಯಾವಾಗ ಉಸಿರಾಡುತ್ತದೆ?’ ಎಂದು ಕೇಳಿ. ‘ಹಗಲೂ ರಾತ್ರಿಯೂ’ ಎಂದು ಸರಿಯಾಗಿಯೇ ಗುರುತು ಹಾಕುವವರಲ್ಲಿ ಕೆಲವರ ತಲೆಯಲ್ಲಿರುವುದು, ‘ಹಗಲು ಕಾರ್ಬನ್ ಡೈಆಕ್ಸೈಡ್ ಉಸಿರಾಡುತ್ತದೆ, ರಾತ್ರಿ ಆಮ್ಲಜನಕ’ ಎಂಬ ಕಲ್ಪನೆ. ಉತ್ತರ ಸರಿ, ತಿಳಿವಳಿಕೆ ತಪ್ಪು.

ಇದನ್ನು ಹಿಡಿಯುವುದು ಎರಡು ಹಂತದ ಪ್ರಶ್ನೆ. ಮೊದಲ ಹಂತದಲ್ಲಿ ಉತ್ತರ, ಎರಡನೆಯದರಲ್ಲಿ ಕಾರಣ. ಎರಡೂ ಸರಿಯಿದ್ದರೆ ಮಾತ್ರ ಅಂಕ. ನಾಲ್ಕು ನಾಲ್ಕು ಆಯ್ಕೆಯಿದ್ದರೆ ಊಹೆಯ ಅವಕಾಶ 16ಕ್ಕೆ 1. ಕಾರಣಗಳನ್ನು ಮೇಷ್ಟರು ತಾವೇ ಕೂತು ಹೆಣೆದರೆ ಕೆಡುತ್ತದೆ. ಯಾರೂ ನಂಬದ ಕಾರಣವನ್ನು ಯಾರೂ ಆರಿಸುವುದಿಲ್ಲ. ಮೊದಲು ಅದೇ ಪ್ರಶ್ನೆಗೆ ಎರಡು ಸಾಲಿನ ಉತ್ತರ ಬರೆಸಿ, ಹೆಚ್ಚು ಸಲ ಬಂದ ಮೂರು ತಪ್ಪುಗಳನ್ನು ವಿದ್ಯಾರ್ಥಿಗಳ ಮಾತಿನಲ್ಲೇ ಆಯ್ಕೆಗಳಾಗಿಸಬೇಕು. ‘ಮರದ ಒಣತೂಕದ ಬಹುಪಾಲು ಎಲ್ಲಿಂದ ಬರುತ್ತದೆ?’ ಎಂಬುದಕ್ಕೆ ಮಣ್ಣು, ನೀರು ಎರಡೂ ಒಳ್ಳೆಯ ತಪ್ಪು ಆಯ್ಕೆಗಳು. ಹದಿನೇಳನೇ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್ ವಿಲೋ ಗಿಡವನ್ನು ಐದು ವರ್ಷ ಬೆಳೆಸಿದಾಗ ಅದರ ತೂಕ 164 ಪೌಂಡ್ ಏರಿತು, ಮಣ್ಣು ಕಳೆದುಕೊಂಡದ್ದು ಸುಮಾರು 2 ಔನ್ಸ್. ಅಷ್ಟಾದರೂ ಅವನು ‘ನೀರಿನಿಂದ’ ಎಂದೇ ತೀರ್ಮಾನಿಸಿದ. ಗಾಳಿಯ ಕಾರ್ಬನ್ ಡೈಆಕ್ಸೈಡ್ ಅವನ ಲೆಕ್ಕಕ್ಕೆ ಬರಲಿಲ್ಲ.

ಹೇಳಿಕೆ–ಕಾರಣ ಪ್ರಶ್ನೆಯಲ್ಲಿ ಒಂದು ಹೇಳಿಕೆ, ಒಂದು ಕಾರಣ ಕೊಟ್ಟು, ಯಾವುದು ಸರಿ, ಕಾರಣ ಹೇಳಿಕೆಯನ್ನು ವಿವರಿಸುತ್ತದೆಯೇ ಎಂದು ಕೇಳುತ್ತಾರೆ. ಅದು ನೋಡಲು ಹೀಗೇ ಕಂಡರೂ ಅಷ್ಟು ಕೆಲಸಕ್ಕೆ ಬಾರದು. ‘ಎರಡೂ ತಪ್ಪು’ ಎಂಬ ಆಯ್ಕೆ ಇಲ್ಲದಿದ್ದರೆ, ಕಾರಣ ತಪ್ಪೆಂದು ಗೊತ್ತಾದೊಡನೆ ಉತ್ತರ ಸಿಕ್ಕಿತು, ಹೇಳಿಕೆ ಓದಬೇಕಾಗಿಯೇ ಇಲ್ಲ.

ಮಿಯಾಸಿಸ್‌ಗೆ (ವರ್ಣತಂತುಗಳ ಸಂಖ್ಯೆ ಅರ್ಧವಾಗುವ ಕೋಶ ವಿಭಜನೆ) ಮಾತ್ರ ಚಿತ್ರ ಬಿಡಿಸುವುದನ್ನು ಮೀರಿಸಿದ್ದು ಯಾವುದೂ ಇಲ್ಲ. ನಾಲ್ಕು ವರ್ಣತಂತುಗಳ ಒಂದು ಕೋಶ: ಒಂದು ಉದ್ದ ಜೋಡಿ, ಒಂದು ಗಿಡ್ಡ ಜೋಡಿ, ತಾಯಿಯದು ಕೆಂಪು, ತಂದೆಯದು ನೀಲಿ. ಮೆಟಾಫೇಸ್ 1 (ಜೋಡಿಗಳು ಕೋಶದ ನಡುವೆ ನಿಲ್ಲುವ ಹಂತ) ಮತ್ತು ಅನಾಫೇಸ್ 1 (ಜೋಡಿಗಳು ಬೇರ್ಪಟ್ಟು ಧ್ರುವಗಳತ್ತ ಸಾಗುವ ಹಂತ) ಬಿಡಿಸಲು ಎಂಟು ನಿಮಿಷ ಸಾಕು. ಪಾಠವನ್ನು ಉರು ಹೊಡೆದವರು ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ, ಅದು ಮೈಟಾಸಿಸ್ (ವರ್ಣತಂತುಗಳ ಸಂಖ್ಯೆ ಬದಲಾಗದ ಕೋಶ ವಿಭಜನೆ) ಚಿತ್ರ. ಇನ್ನು ಕೆಲವರು ಅನಾಫೇಸ್ 1ರಲ್ಲೇ, ವರ್ಣತಂತುವಿನ ಎರಡು ಪ್ರತಿಗಳನ್ನು (ಸೋದರಿ ಕ್ರೊಮ್ಯಾಟಿಡ್) ಹಿಡಿದಿಡುವ ಸೆಂಟ್ರೋಮಿಯರ್ ಸೀಳಿಬಿಡುತ್ತಾರೆ. ತಿದ್ದುವಾಗ ಅಂದಚೆಂದಕ್ಕೆ ಅಂಕ ಬೇಡ. ಜೋಡಿ ಎದುರುಬದುರು ನಿಂತಿದೆಯೇ, ಸೋದರಿ ಕ್ರೊಮ್ಯಾಟಿಡ್‌ಗಳು ಅಂಟಿಕೊಂಡೇ ಇವೆಯೇ, ಪ್ರತಿ ಧ್ರುವಕ್ಕೂ ಒಂದು ಉದ್ದ ಒಂದು ಗಿಡ್ಡ ಹೋಗಿದೆಯೇ, ಇಷ್ಟೇ ನೋಡಿ.

ಒಂದು ಪೀರಿಯಡ್ಡಿನ ಪರೀಕ್ಷೆಗೆ ನಮ್ಮ ಆಯ್ಕೆ: ಹೆಸರು, ಭಾಗಗಳ ನೆನಪಿಗೆ ಹತ್ತು ಸಾಮಾನ್ಯ ಪ್ರಶ್ನೆ, ಎರಡು ಹಂತದ್ದು ಐದು, ಚಿತ್ರ ಒಂದು. ಮೊದಲ ಹಂತ ಮಾತ್ರ ಸರಿ ಮಾಡಿದವರನ್ನು ಬೇರೆ ಕಾಲಂನಲ್ಲಿ ಬರೆದಿಟ್ಟುಕೊಳ್ಳಿ. ಮರುದಿನ ಮತ್ತೆ ಪಾಠ ಬೇಕಿರುವುದು ಅವರಿಗೂ ಹೌದು.