ಗ್ಯಾರೇಜ್ ಗೋಡೆಗೆ ಬೋರ್ಡು: ಸ್ಟೆನ್ಸಿಲ್ ಹಾಕಿ ನೋಡಿದೆ, ಕೊನೆಗೆ ಕೈಯಲ್ಲೇ ಬರೆದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಕೈಬರಹಕ್ಕೆ. ಕಾಗದದ ಮೇಲೆ ಅಕ್ಷರ ಬರೆದುಕೊಂಡು, ಗೆರೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚಿ, ಪುಡಿ ತಟ್ಟಿ ಹಲಗೆಗೆ ಇಳಿಸಿ, ಆಮೇಲೆ ಬ್ರಷ್ಷಿನಲ್ಲಿ ತುಂಬುವ ಹಳೇ ಪದ್ಧತಿ ಇದೆಯಲ್ಲ, ಅದಕ್ಕೆ. ಆದರೆ ನಾನು ಶುರು ಮಾಡಿದ್ದು ಅಲ್ಲಿಂದಲ್ಲ. ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ, ವಿನೈಲ್ ಸ್ಟೆನ್ಸಿಲ್ (ಅಕ್ಷರದ ಆಕಾರ ಕತ್ತರಿಸಿ ತೆಗೆದ, ಹಿಂದೆ ಅಂಟು ಇರುವ ತೆಳು ಪ್ಲಾಸ್ಟಿಕ್ ಫಿಲ್ಮ್) ಕತ್ತರಿಸಿಕೊಂಡು, ಸೀದಾ ಗೋಡೆಗೇ ಅಂಟಿಸಿದೆ. ಎರಡು ಭಾನುವಾರ ಹೋದವು. ಗೋಡೆಗೆ ಮತ್ತೆ ಬಣ್ಣ ಹೊಡೆಯುವುದಕ್ಕೆ ಮೂರನೆಯದೂ ಹೋಯಿತು.

ಬರೆಯಬೇಕಿದ್ದದ್ದು ಎರಡೇ ಸಾಲು. ಮೇಲೆ ‘ಅಪ್ಪನ ರಿಪೇರಿ ಕೋಣೆ’, ಕೆಳಗೆ ‘1986’. ಅಪ್ಪ ಮೊದಲ ಸ್ಪ್ಯಾನರ್ ಸೆಟ್ ಕೊಂಡ ವರ್ಷ ಅದು. ಆ ಸೆಟ್ ಇವತ್ತಿಗೂ ಗ್ಯಾರೇಜಿನಲ್ಲೇ ಇದೆ. ಅದನ್ನು ಇಟ್ಟಿರುವ ಮೇಜಿನ ಮೇಲ್ಗಡೆ ಈ ಬೋರ್ಡು ಬರಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

ಅಕ್ಷರದ ಅಳತೆ ಬಗ್ಗೆ ಒಂದು ಮಾತು. ನೋಡುವ ದೂರ 10 ಅಡಿ ಇದ್ದರೆ ಅಕ್ಷರ 1 ಇಂಚು ಎತ್ತರ ಇರಲಿ ಅನ್ನುವುದು ಬೋರ್ಡು ಬರೆಯುವವರು ಬಳಸುವ ಒಂದು ಲೆಕ್ಕ. ಇಂಗ್ಲಿಷಿಗೆ ಅದು ಸಾಕು. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಏತ್ವ, ಕೆಳಗೆ ಒತ್ತು. ಒಳಗಿನ ಸುರುಳಿ ಬೇರೆ. ಹಾಗಾಗಿ ಮೂಲ ಅಕ್ಷರವನ್ನೇ 3 ಇಂಚು ಇಟ್ಟುಕೊಂಡೆ.

ಈಗ ಸ್ಟೆನ್ಸಿಲ್ ಕೊಟ್ಟ ಕಾಟಕ್ಕೆ ಬರುತ್ತೇನೆ. ನಮ್ಮ ಗ್ಯಾರೇಜಿನ ಗೋಡೆ ಮರಳು ಗಾರೆಯದು. ದೂರದಿಂದ ನೋಡಿದರೆ ನುಣುಪು. ಕೈ ಸವರಿದರೆ ತರಿತರಿ. ಫಿಲ್ಮನ್ನು ಎಷ್ಟು ಒತ್ತಿದರೂ ಅದು ಮರಳಿನ ಕಾಳುಗಳ ತುದಿಗೆ ಮಾತ್ರ ಅಂಟುತ್ತದೆ. ಕಾಳಿಗೂ ಕಾಳಿಗೂ ನಡುವೆ ಕಣ್ಣಿಗೆ ಕಾಣದ ಸಂದು ಉಳಿಯುತ್ತದೆ. ಬತ್ತಿ ಎಣ್ಣೆ ಹೀರಿದ ಹಾಗೆ ಆ ಸಂದು ಬಣ್ಣ ಎಳೆದುಕೊಳ್ಳುತ್ತದೆ. ಬಣ್ಣ ಹಚ್ಚುವಾಗ ಇದೇನೂ ಗೊತ್ತಾಗುವುದಿಲ್ಲ. ಫಿಲ್ಮ್ ಎತ್ತಿದಾಗ ಗೊತ್ತಾಗುತ್ತದೆ. ‘ನ’ದ ಅಂಚಿನಿಂದ ಬಣ್ಣ ಜೇಡರ ಕಾಲಿನ ಹಾಗೆ ಎರಡು ಮೂರು ಮಿಲಿಮೀಟರ್ ಆಚೆ ಹರಿದಿತ್ತು. ಒಂದೆರಡು ಕಡೆ ಅಲ್ಲ, ಸುತ್ತಲೂ.

ಎರಡನೇ ಸಲ ಹುಷಾರಾದೆ. ಹೇರ್ ಡ್ರೈಯರಿನಲ್ಲಿ ಫಿಲ್ಮ್ ಬಿಸಿ ಮಾಡಿ, ಮೆತ್ತಗಾದಾಗ ಬಟ್ಟೆ ಗಂಟಿನಿಂದ ಒತ್ತಿದೆ. ಬಣ್ಣ ತೆಳು ಮಾಡಲಿಲ್ಲ. ಸ್ಪಂಜಿನ ರೋಲರನ್ನು ಹೆಚ್ಚುಕಡಿಮೆ ಒಣಗಿದ ಹಾಗೆ ಮಾಡಿಕೊಂಡು ತೆಳುವಾಗಿ ಮೂರು ಸಲ ಉರುಳಿಸಿದೆ. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಇನ್ನೊಂದು ಉಪಾಯ. ಫಿಲ್ಮ್ ಅಂಟಿಸಿದ ಮೇಲೆ ಮೊದಲು ಗೋಡೆಯ ಬಣ್ಣವನ್ನೇ ಅಂಚಿಗೆ ಹಚ್ಚಿ ಒಣಗಿಸಬೇಕು. ಒಳಗೆ ಹರಿಯುವುದೇನಿದ್ದರೂ ಆ ಬಣ್ಣವೇ ಹರಿದು ಸಂದು ಮುಚ್ಚಿಕೊಳ್ಳುತ್ತದೆ. ಅದರ ಮೇಲೆ ಅಕ್ಷರದ ಬಣ್ಣ ಹಚ್ಚಿದರೆ ಅಂಚು ನಿಲ್ಲುತ್ತದೆ. ನಿಜವಾಗಿಯೂ ನಿಂತಿತು.

ಆದರೆ ಈ ಸಲ ಬೇರೆ ತೊಂದರೆ. ‘ರಿ’ಯ ಒಳಗಿನ ಗುಂಡು ಇದೆಯಲ್ಲ, ಸುತ್ತ ಎಲ್ಲಿಗೂ ಅಂಟಿಕೊಳ್ಳದ ತುಂಡು, ಅಂಥವು ನನ್ನ ಎರಡು ಸಾಲಿನಲ್ಲಿ ಎದ್ದು ಕಾಣುವಂಥವೇ ಆರು. ಎರಡು ‘ರಿ’ಯಲ್ಲಿ ಒಂದೊಂದು, 9ರಲ್ಲಿ ಒಂದು, 8ರಲ್ಲಿ ಎರಡು, 6ರಲ್ಲಿ ಒಂದು. ಇವನ್ನು ಜಾಗದಲ್ಲಿ ಹಿಡಿದಿಡುವುದು, ಕತ್ತರಿಸಿದ ಫಿಲ್ಮನ್ನು ಎತ್ತಿ ಗೋಡೆಗೆ ಇಳಿಸಲು ಮೇಲೆ ಅಂಟಿಸುವ ಟ್ರಾನ್ಸ್‌ಫರ್ ಟೇಪು. ತರಿ ಗೋಡೆಗೆ ಫಿಲ್ಮ್ ಸರಿಯಾಗಿ ಅಂಟದೇ ಇದ್ದಾಗ ಟೇಪಿನ ಹಿಡಿತವೇ ಜಾಸ್ತಿ. ಟೇಪು ಎಳೆದೆ, ಗುಂಡುಗಳೂ ಅದರ ಜೊತೆಗೇ ಬಂದವು. ಚಿಮಟದಲ್ಲಿ ಹಿಡಿದು ಒಂದೊಂದನ್ನೇ ಮತ್ತೆ ಕೂರಿಸಿದೆ. ಕಣ್ಣಂದಾಜು ಸಾಲಲಿಲ್ಲ. ಎರಡನೇ ‘ರಿ’ ಒಂದು ಪಕ್ಕಕ್ಕೆ ನೋಡುತ್ತಿರುವ ಹಾಗಾಯಿತು. ಕೊನೆಗೆ ಫಿಲ್ಮ್ ಎತ್ತುವಾಗ ಗೋಡೆಯ ಹಳೇ ಬಣ್ಣವೂ ಹಾಳೆ ಹಾಳೆಯಾಗಿ ಕಿತ್ತು ಬಂತು. ಅಲ್ಲಿಗೆ ಕೈಬಿಟ್ಟೆ.

ಸ್ಟೆನ್ಸಿಲಿಗೆ ಅನ್ಯಾಯ ಮಾಡಬಾರದು ಅಂತ ಇನ್ನೊಮ್ಮೆ ಕತ್ತರಿಸಿ, ಪ್ರೈಮರ್ ಹಚ್ಚಿ ಉಜ್ಜಿದ ಪ್ಲೈವುಡ್ ತುಂಡಿನ ಮೇಲೂ ಹಾಕಿ ನೋಡಿದೆ. ಬಣ್ಣ ಪೂರ್ತಿ ಒಣಗುವ ಮುಂಚೆ, ಸ್ವಲ್ಪ ಜಿಗುಟು ಇರುವಾಗಲೇ ಫಿಲ್ಮನ್ನು ಹಿಂದಕ್ಕೆ ಮಡಚಿ ನಿಧಾನವಾಗಿ ಎಳೆದೆ. ಅಂಚು ಚೂರಿಯಲ್ಲಿ ಕೊಯ್ದ ಹಾಗೆ ಬಂತು. ನನ್ನ ಕೈಯಲ್ಲಿ ಅಷ್ಟು ಚೂಪಾಗಿ ಬರುವುದಿಲ್ಲ, ಒಪ್ಪಿಕೊಳ್ಳುತ್ತೇನೆ.

ಗೋಡೆಗೇ ಬರೆಯುತ್ತೇನೆ ಅನ್ನುವವರಿಗೆ ಇನ್ನೊಂದು ಎಚ್ಚರಿಕೆ. ಹೊಸ ಗಾರೆಯ ಮೇಲೆ ಎನಾಮಲ್ ಹಚ್ಚಬೇಡಿ. ಸಿಮೆಂಟಿನ ಕ್ಷಾರ ಎಣ್ಣೆ ಬಣ್ಣವನ್ನು ಸೋಪಿನ ಹಾಗೆ ಮಾಡಿಬಿಡುತ್ತದೆ. ಪದರ ಜಿಗುಟಾಗಿ ಎದ್ದು ಬರುತ್ತದೆ. ಗಾರೆ ಕಡೇಪಕ್ಷ 28 ದಿನ ಒಣಗಲಿ, ಆಮೇಲೆ ಕ್ಷಾರ ತಡೆಯುವ ಪ್ರೈಮರ್ ಹಚ್ಚಿ. ತೇವ ಏರುವ ಗೋಡೆಯಾದರೆ ಅದೂ ಸಾಲದು, ಹಲಗೆಯೇ ಮೇಲು.

ಪ್ರೊಜೆಕ್ಟರ್ ಇಟ್ಟು ಗೋಡೆಯ ಮೇಲೆ ಗೆರೆ ಎಳೆದೂ ನೋಡಿದೆ. ಪ್ರೊಜೆಕ್ಟರ್ ಗೋಡೆಗೆ ನೇರ ಇಲ್ಲದಿದ್ದರೆ ಅಕ್ಷರ ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ. ನೇರ ಇಟ್ಟರೆ ನನ್ನದೇ ನೆರಳು ಅಡ್ಡ. ಪ್ರಿಂಟ್ ಮಾಡಿದ ಸ್ಟಿಕ್ಕರ್ ಗೋಡೆಗೆ ಎರಡು ವಾರ ನಿಂತಿತು, ಅಷ್ಟೇ.

ಕೈಬರಹಕ್ಕೆ 12 ಮಿಲಿಮೀಟರ್ ಪ್ಲೈವುಡ್ ತೆಗೆದುಕೊಂಡೆ. ಬೇರೆ ಕೆಲಸದಲ್ಲಿ ಉಳಿದಿದ್ದ ತುಂಡು. ಕತ್ತರಿಸಿದ ಅಂಚಿಗೆ ಎರಡು ಸಲ ಪ್ರೈಮರ್, ಯಾಕೆಂದರೆ ನೀರು ಕುಡಿಯುವುದೇ ಅಲ್ಲಿ. ಪ್ರತಿ ಪದರಕ್ಕೂ 320 ನಂಬರಿನ ಸ್ಯಾಂಡ್‌ಪೇಪರ್. ಮೇಲೆ ಕೆನೆ ಬಣ್ಣದ ಎನಾಮಲ್.

ಕಾಗದದ ಮೇಲೆ ಬರೆಯುವಾಗಲೇ ಒಂದು ತಪ್ಪು ಸಿಕ್ಕಿತು. 1986 ಎಡಗಡೆಯಿಂದ ಶುರುವಾಗುತ್ತಿತ್ತು. ‘ಪ್ಪ’ದ ಒತ್ತು ಇಳಿದು 9ರ ತಲೆಗೆ ತಾಗುತ್ತಿತ್ತು. ವರ್ಷವನ್ನು ಬಲಕ್ಕೆ, ‘ಕೋಣೆ’ಯ ಕೆಳಗೆ ಸರಿಸಿದೆ. ರಬ್ಬರಿನಲ್ಲಿ ಅಳಿಸಿ ಬರೆದರೆ ಮುಗಿಯಿತು. ಸ್ಟೆನ್ಸಿಲಿನಲ್ಲಿ ಇದೇ ತಪ್ಪು ಕತ್ತರಿಸಿದ ಮೇಲೆ ಕಣ್ಣಿಗೆ ಬಿದ್ದಿತ್ತು, ಇಡೀ ಫಿಲ್ಮ್ ದಂಡವಾಗಿತ್ತು.

ಆಮೇಲೆ ಕಾಗದದ ಕೆಳಗೆ ದಪ್ಪ ಬಟ್ಟೆ ಹಾಸಿ, ಗೆರೆಯುದ್ದಕ್ಕೂ ಎರಡು ಮಿಲಿಮೀಟರಿಗೆ ಒಂದರಂತೆ ಸೂಜಿ ಚುಚ್ಚಿದೆ. ಒಂದು ಸಂಜೆ ಇದಕ್ಕೇ ಬೇಕು. ಕಾಗದದ ಹಿಂದೆ ಎದ್ದ ಬೊಕ್ಕೆಗಳನ್ನು ಸ್ಯಾಂಡ್‌ಪೇಪರಿನಲ್ಲಿ ಹಗುರಾಗಿ ಸವರಬೇಕು, ಇಲ್ಲದಿದ್ದರೆ ತೂತು ಮುಚ್ಚಿಕೊಳ್ಳುತ್ತದೆ. ಹಲಗೆಗೆ ಕಾಗದ ಟೇಪು ಮಾಡಿ, ಹಳೇ ಕಾಲುಚೀಲದಲ್ಲಿ ಇದ್ದಿಲ ಪುಡಿ ಕಟ್ಟಿ, ತಟ್ಟುತ್ತಾ ಹೋದೆ. ಕಾಗದ ಎತ್ತಿದಾಗ ಕೆನೆ ಬಣ್ಣದ ಮೇಲೆ ಸಣ್ಣ ಕಪ್ಪು ಚುಕ್ಕಿಗಳಲ್ಲಿ ‘ಅಪ್ಪನ’ ಅಂತ ಮೂಡಿತ್ತು. ಆ ಹೊತ್ತಿನ ಖುಷಿ ಸ್ಟೆನ್ಸಿಲಿನಲ್ಲಿ ನನಗೆ ಸಿಗಲಿಲ್ಲ.

ಬ್ರಷ್ ಉದ್ದ ಕೂದಲಿನದ್ದೇ ಬೇಕು. ಗಿಡ್ಡ ಕೂದಲಿನದು ಅರ್ಧ ಸುತ್ತು ಬರುವಷ್ಟರಲ್ಲಿ ಬಣ್ಣ ಖಾಲಿ. ಉದ್ದನೆಯದು ಬಣ್ಣ ಹಿಡಿದಿಟ್ಟುಕೊಂಡು ಒಂದೇ ಎಳೆತದಲ್ಲಿ ಬಿಡುತ್ತದೆ. ‘ರ’ದ ಗುಂಡನ್ನು ಎರಡು ಎಳೆತದಲ್ಲಿ ಮಾಡಿದೆ: ಮೇಲಿನಿಂದ ಎಡಕ್ಕೆ ಇಳಿದು ತಳಕ್ಕೆ, ಮತ್ತೆ ಮೇಲಿನಿಂದ ಬಲಕ್ಕೆ ಇಳಿದು ತಳದಲ್ಲಿ ಸೇರಿಸುವುದು. ಬ್ರಷ್ಷನ್ನು ಬೆರಳ ನಡುವೆ ಸ್ವಲ್ಪ ಹೊರಳಿಸುತ್ತಾ ಹೋದರೆ ತಿರುವಿನಲ್ಲಿ ಕೂದಲು ಅಗಲವಾಗಿ ಬಿಚ್ಚುವುದಿಲ್ಲ. ತಲಕಟ್ಟು ಕೊನೆಗೆ. ಎಡಗೈಯಲ್ಲಿ ಒಂದು ಕೋಲು ಹಿಡಿದು, ತುದಿಗೆ ಬಟ್ಟೆ ಸುತ್ತಿ ಹಲಗೆಗೆ ಊರಿ, ಅದರ ಮೇಲೆ ಬಲಗೈ ಇಟ್ಟೆ. ನಡುಕ ಎಷ್ಟೋ ಕಡಿಮೆಯಾಯಿತು. ತಪ್ಪಿದ ಕಡೆ ಬಣ್ಣ ಹಸಿ ಇರುವಾಗಲೇ ಟರ್ಪಂಟೈನ್ ಬಟ್ಟೆಯಿಂದ ಒರೆಸಿ ಮತ್ತೆ ಬರೆದೆ. ಅಡಿ ಬಣ್ಣ ಮುಂಚೆಯೇ ಚೆನ್ನಾಗಿ ಒಣಗಿದ್ದರೆ ಅದಕ್ಕೇನೂ ಆಗುವುದಿಲ್ಲ. ಒಟ್ಟು ನಾಲ್ಕು ಕಡೆ ಒರೆಸಿದ್ದೇನೆ, ಈಗ ನೋಡಿದರೆ ಎಲ್ಲಿ ಅಂತ ನನಗೇ ಗೊತ್ತಾಗುವುದಿಲ್ಲ.

1980ರ ದಶಕದಲ್ಲಿ ಕಂಪ್ಯೂಟರಿನಿಂದ ವಿನೈಲ್ ಕತ್ತರಿಸುವ ಯಂತ್ರಗಳು ಬಂದ ಮೇಲೆ ಕೈಯಲ್ಲಿ ಬೋರ್ಡು ಬರೆಯುವವರ ಕೆಲಸ ಬಹಳ ಕಡಿಮೆಯಾಯಿತು. ಅವರಿಗೆ ಎಷ್ಟು ಗೊತ್ತಿತ್ತು ಅನ್ನುವುದು ಒಂದು ‘ರ’ ಬರೆದಾಗ ತಿಳಿಯುತ್ತದೆ.

ಒಂದೇ ತರಹದ ಹತ್ತು ಬೋರ್ಡು ಬೇಕು, ಕತ್ತರಿಸುವ ಯಂತ್ರ ಮನೆಯಲ್ಲೇ ಇದೆ ಅನ್ನುವವರು ಸ್ಟೆನ್ಸಿಲನ್ನೇ ಹಿಡಿಯಿರಿ, ಆದರೆ ಹಲಗೆಯ ಮೇಲೆ. ನನಗೆ ಯಂತ್ರ ಇಲ್ಲ, ಪ್ರತಿ ತಪ್ಪಿಗೂ ಹೊಸ ಫಿಲ್ಮ್ ಕೊಳ್ಳುವಷ್ಟು ಕೈ ಬಿಚ್ಚುವುದಿಲ್ಲ. ರಾತ್ರಿ ಊಟ ಆದ ಮೇಲೆ ಒಂದು ಗಂಟೆ ಸುಮ್ನೆ ಕೂತು ಕೈಕೆಲಸ ಮಾಡುವುದು ಮೊದಲಿನಿಂದಲೂ ಇರುವ ಅಭ್ಯಾಸ. ಕೈಬರಹ ಅದಕ್ಕೆ ಹೊಂದಿತು. ಚುಚ್ಚಿದ ಕಾಗದವನ್ನು ಸುರುಳಿ ಸುತ್ತಿ ಇಟ್ಟಿದ್ದೇನೆ, ಇನ್ನೂ ಎಷ್ಟೋ ಸಲ ಬರುತ್ತದೆ. ಬ್ರಷ್ಷನ್ನು ಟರ್ಪಂಟೈನಿನಲ್ಲಿ ತೊಳೆದು, ಎಣ್ಣೆಯಲ್ಲಿ ಅದ್ದಿ, ಕೂದಲು ನೇರ ಮಾಡಿ ಮಲಗಿಸಿ ಇಡಿ. ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ ತುದಿ ಬಾಗುತ್ತದೆ, ಆಮೇಲೆ ಅದರಲ್ಲಿ ತಲಕಟ್ಟು ಬರೆಯಲು ಆಗುವುದಿಲ್ಲ.