ಇಳಿಜಾರಿನಲ್ಲಿ ಡಿಸ್ಕ್ ಬ್ರೇಕ್ ರೋಡ್ ಬೈಕ್: ನಾಲ್ಕು ವರ್ಷಗಳ ಬಳಕೆಯ ನಂತರ

ನಾಲ್ಕು ವರ್ಷಗಳ ಹಿಂದೆ ರಿಮ್ ಬ್ರೇಕ್‌ನ (ಚಕ್ರದ ಹೊರಬಳೆಯನ್ನೇ ಒತ್ತಿ ಹಿಡಿಯುವ ಬ್ರೇಕ್) ಸೈಕಲ್ ಬಿಟ್ಟು, ಶಿಮಾನೊ 105 ಆರ್7000 ಸರಣಿಯ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ (ಚಕ್ರದ ನಡುವಿನ ಲೋಹದ ತಟ್ಟೆಯನ್ನು ದ್ರವದ ಒತ್ತಡದಿಂದ ಎರಡು ಪ್ಯಾಡ್‌ಗಳ ನಡುವೆ ಹಿಡಿಯುವ ಬ್ರೇಕ್) ಇರುವ ರೋಡ್ ಬೈಕ್, ಅಂದರೆ ರಸ್ತೆಯ ಸೈಕಲ್, ಕೊಂಡಾಗ ನನ್ನ ಉದ್ದೇಶ ಒಂದೇ ಆಗಿತ್ತು: ಹತ್ತಿದ ಬೆಟ್ಟವನ್ನು ಹೆದರದೆ ಇಳಿಯಬೇಕು. ಹತ್ತುವುದು ನನಗೆ ಎಂದೂ ಕಷ್ಟವೆನಿಸಿರಲಿಲ್ಲ. ನಂದಿ ಬೆಟ್ಟದ ಮೇಲೆ ಜೊತೆಗಾರರು ಚಹಾ ಕುಡಿಯುತ್ತ ಹರಟುತ್ತಿದ್ದರೆ ನಾನು ಮಾತ್ರ ಇಳಿಯಬೇಕಾದ ಎಂಟು ಕಿಲೋಮೀಟರ್ ರಸ್ತೆಯನ್ನು ನೆನೆದು ಮೌನವಾಗಿರುತ್ತಿದ್ದೆ. ಈಗ ಒಂಬತ್ತು ಸಾವಿರ ಕಿಲೋಮೀಟರ್ ಮುಗಿದಿದೆ. ಬ್ರೇಕ್ ಏನು ಕೊಟ್ಟಿತು, ಏನನ್ನು ನಾನೇ ಕಲಿಯಬೇಕಾಯಿತು ಎಂಬುದನ್ನು ಬೇರ್ಪಡಿಸಿ ಹೇಳಬಲ್ಲೆ.

ಹಳೆಯ ಸೈಕಲ್‌ನಲ್ಲಿ ನಾನು ತುದಿಯಿಂದ ಬುಡದವರೆಗೆ ಬ್ರೇಕ್ ಹಿಡಿದೇ ಇಳಿಯುತ್ತಿದ್ದೆ. ಅರ್ಧ ದಾರಿಗೆ ಮುಂಗೈ ಉರಿಯುತ್ತಿತ್ತು, ಕೆಳಗೆ ಬಂದು ರಿಮ್ ಮುಟ್ಟಿದರೆ ಬೆರಳು ಸುಡುತ್ತಿತ್ತು. ಸವಾರ ಮತ್ತು ಸೈಕಲ್ ಸೇರಿ 80 ಕಿಲೋ ತೂಕವಿದ್ದರೆ ಪ್ರತಿ 100 ಮೀಟರ್ ಇಳಿಕೆಗೆ ಸುಮಾರು 78 ಕಿಲೋಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ವೇಗ ಹೆಚ್ಚದಿರಬೇಕಾದರೆ ಅದರ ಬಹುಪಾಲನ್ನು ಗಾಳಿ ಅಥವಾ ಬ್ರೇಕ್ ನುಂಗಬೇಕು. ನಿಧಾನವಾಗಿ ಹೋಗುವವನಿಗೆ ಗಾಳಿಯ ತಡೆ ಕಡಿಮೆ, ಆದ್ದರಿಂದ ಹೆದರಿ ಬ್ರೇಕ್ ಬಿಡದವನ ಬ್ರೇಕೇ ಎಲ್ಲಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ನಾನು ಸುರಕ್ಷತೆಗೆಂದು ಮಾಡುತ್ತಿದ್ದುದೇ ಅಪಾಯಕ್ಕೆ ದಾರಿಯಾಗಿತ್ತು.

ಹೊಸ ಬ್ರೇಕ್‌ನಲ್ಲಿ ಮೊದಲು ಮನ ಗೆದ್ದದ್ದು ಅದರ ಬಲವಲ್ಲ, ಅಳತೆ. ಹ್ಯಾಂಡಲ್‌ನ ಕೆಳಬಾಗು ಹಿಡಿದು ಒಂದೇ ಬೆರಳಿನಿಂದ ಲಿವರ್ ಎಳೆದರೆ ಎಷ್ಟು ಎಳೆದೆನೋ ಅಷ್ಟೇ ವೇಗ ಇಳಿಯುತ್ತದೆ. ಉಳಿದ ಬೆರಳುಗಳು ಹ್ಯಾಂಡಲನ್ನು ಭದ್ರವಾಗಿ ಹಿಡಿದಿರುತ್ತವೆ. ಹೀಗೆ ಕೆಳಗೆ ಹಿಡಿದಾಗ ದೇಹದ ಭಾರ ಕೆಳಗಿಳಿದು, ಮುಂದಿನ ಚಕ್ರ ರಸ್ತೆಯನ್ನು ಚೆನ್ನಾಗಿ ಕಚ್ಚುತ್ತದೆ. ಈ ಭರವಸೆ ಬಂದ ಮೇಲಷ್ಟೇ ನೇರ ರಸ್ತೆಯಲ್ಲಿ ಬ್ರೇಕ್ ಬಿಟ್ಟು, ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ತಿರುವಿನೊಳಗೆ ಮತ್ತೆ ಬಿಡುವ ಕ್ರಮ ನನಗೆ ಒಗ್ಗಿತು. ಎರಡು ಹಿಡಿತಗಳ ನಡುವೆ ಡಿಸ್ಕ್ ತಣ್ಣಗಾಗಲು ಸಮಯವೂ ಸಿಗುತ್ತದೆ.

ತಿರುವನ್ನು ಮಾತ್ರ ಬ್ರೇಕ್ ಕಲಿಸುವುದಿಲ್ಲ. ನಂದಿಯಿಂದ ಇಳಿಯುವಾಗ ಎಡ ಹೇರ್‌ಪಿನ್‌ಗಳು (ರಸ್ತೆ ಪೂರ್ತಿ ಹಿಂದಕ್ಕೆ ಮಡಚುವ ತಿರುವುಗಳು) ನಮಗೆ ಒಳಸುತ್ತು, ಬಲು ಬಿಗಿ ಮತ್ತು ಕಡಿದು. ಅಲ್ಲಿ ಬಲ ಪೆಡಲನ್ನು ಕೆಳಗಿಟ್ಟು ಅದರ ಮೇಲೆ ಭಾರ ಹಾಕಿ, ಎಡಗೈಯನ್ನು ಮೆಲ್ಲಗೆ ಒತ್ತಿ, ಕಣ್ಣನ್ನು ತಿರುವಿನ ಆಚೆಗೆ ನೆಡಬೇಕು. ಗುಂಡಿಯನ್ನೇ ನೋಡಿದರೆ ಸೈಕಲ್ ಗುಂಡಿಗೇ ಹೋಗುತ್ತದೆ. ಬಲ ತಿರುವುಗಳು ಅಗಲವಾಗಿ ಸುಲಭವೆನಿಸಿದರೂ ಮಧ್ಯದ ಗೆರೆ ದಾಟಿ ಒಳಗೆ ನುಗ್ಗುವುದನ್ನು ನಾನು ಒಪ್ಪಲಾರೆ, ಏಕೆಂದರೆ ಮೇಲೇರುವ ಕಾರು ಕೊನೆಯ ಗಳಿಗೆಯವರೆಗೂ ಕಾಣುವುದಿಲ್ಲ. ರಸ್ತೆ ಬದಿಯ ಕೋತಿಗಳಂತೂ ಯಾವ ಕಡೆ ಜಿಗಿಯುತ್ತವೆಂದು ಊಹಿಸಲಾಗದು. ಅವು ಕಂಡಲ್ಲೆಲ್ಲ ನಾನು ವೇಗ ಇಳಿಸುತ್ತೇನೆ.

25 ಮಿಲಿಮೀಟರ್ ಅಗಲದ ಟೈರ್ ತೆಗೆದು 28 ಹಾಕಿ, ನನ್ನ ತೂಕಕ್ಕೆ ಮುಂದೆ 65, ಹಿಂದೆ 70 ಪಿಎಸ್‌ಐ ಗಾಳಿ ಇಟ್ಟದ್ದು ಡಿಸ್ಕ್ ಬ್ರೇಕ್‌ನಷ್ಟೇ ಉಪಕಾರ ಮಾಡಿತು.

ನಿಜವಾದ ಪರೀಕ್ಷೆ ಮಳೆಗಾಲದ ಆಗುಂಬೆ ಘಾಟಿಯಲ್ಲಿ ಆಯಿತು. ಸೋಮೇಶ್ವರದ ಕಡೆಗಿಳಿಯುವ ಆ 14 ತಿರುವುಗಳಲ್ಲಿ ಮಂಜು, ಧಾರಾಕಾರ ಮಳೆ, ರಸ್ತೆಯಂಚಿನಲ್ಲಿ ಪಾಚಿ. ರಿಮ್ ಬ್ರೇಕ್ ಆಗಿದ್ದರೆ ಮೊದಲು ನೀರು ಒರೆಸಿಕೊಂಡು ಆಮೇಲೆ ಹಿಡಿಯುತ್ತಿತ್ತು; ಡಿಸ್ಕ್ ಬಹುಮಟ್ಟಿಗೆ ಒಣ ರಸ್ತೆಯಂತೆಯೇ ತಕ್ಷಣ ಹಿಡಿಯಿತು. ಆದರೆ ನಾಲ್ಕನೆಯ ತಿರುವಿನಲ್ಲಿ ಒದ್ದೆ ಎಲೆಗಳ ಮೇಲೆ ಹಿಂಬದಿಯ ಚಕ್ರ ಒಂದು ಗೇಣು ಪಕ್ಕಕ್ಕೆ ಜಾರಿತು. ಬ್ರೇಕ್ ಎಷ್ಟೇ ಒಳ್ಳೆಯದಾದರೂ ರಸ್ತೆಯನ್ನು ಹಿಡಿಯುವುದು ಟೈರ್. ಅಲ್ಲಿಂದ ಕೆಳಗೆ ಮುಂದಿನ ವಾಹನಕ್ಕೆ ಮೂರು ಪಟ್ಟು ಅಂತರ ಬಿಟ್ಟು, ಬಿಳಿ ಬಣ್ಣದ ಗೆರೆಗಳನ್ನೂ ತಪ್ಪಿಸಿ ಇಳಿದೆ.

ನಿರ್ವಹಣೆಯಲ್ಲಿ ರಿಮ್ ಬ್ರೇಕ್‌ಗಿಂತ ಹೆಚ್ಚು ಎಚ್ಚರ ಬೇಕು. ಎರಡನೆಯ ವರ್ಷ ಸರ್ವಿಸ್‌ಗೆ ಕೊಟ್ಟಿದ್ದ ಅಂಗಡಿಯೊಂದರಲ್ಲಿ ಚೈನ್‌ಗೆ ಸಿಂಪಡಿಸಿದ ಎಣ್ಣೆ ಹಿಂದಿನ ಡಿಸ್ಕ್‌ಗೆ ಹಾರಿತ್ತು. ಮರುದಿನ ಬೆಳಿಗ್ಗೆ ಮೊದಲ ತಿರುವಿನಲ್ಲಿ ಲಿವರ್ ಒತ್ತಿದರೆ ಕಿವಿಗಡಚಿಕ್ಕುವ ಕೂಗು ಬಂತೇ ಹೊರತು ವೇಗ ತಗ್ಗಲಿಲ್ಲ. ಮುಂದಿನ ಬ್ರೇಕ್ ನನ್ನನ್ನು ಉಳಿಸಿತು. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದೆ, ಪ್ಯಾಡ್‌ಗಳನ್ನು ಎಸೆಯಬೇಕಾಯಿತು. ಆ ದಿನದಿಂದ ಇಳಿಯುವ ಮುನ್ನ, ತುದಿಯಲ್ಲೇ ನಿಂತು ಎರಡೂ ಲಿವರ್ ಒತ್ತಿ ಸೈಕಲನ್ನು ಮುಂದೆ ತಳ್ಳಿ ನೋಡದೆ ನಾನು ಅದರ ಮೇಲೆ ಕೂರುವುದಿಲ್ಲ. ಪ್ಯಾಡ್‌ನ ಪದರ 0.5 ಮಿಲಿಮೀಟರ್‌ಗೆ, ಡಿಸ್ಕ್ 1.5 ಮಿಲಿಮೀಟರ್‌ಗೆ ಸವೆದರೆ ಬದಲಿಸಬೇಕು. ಈ ಬ್ರೇಕ್‌ಗೆ ಮಿನರಲ್ ಆಯಿಲ್ ಮಾತ್ರ ಹಾಕಬೇಕು; ಮೋಟಾರ್ ಬೈಕ್‌ನ ಡಾಟ್ ಬ್ರೇಕ್ ದ್ರವ ಹಾಕಿದರೆ ಒಳಗಿನ ಸೀಲ್‌ಗಳು ಹಾಳಾಗುತ್ತವೆ.

ಈ ವಾರ ಮುಂದಿನ ಚಕ್ರಕ್ಕೆ ಮೂರನೆಯ ಜೊತೆ ಪ್ಯಾಡ್ ಹಾಕಿದ್ದೇನೆ. ಮನೆಯ ಹತ್ತಿರದ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗಕ್ಕೇರಿ, ನಡಿಗೆಯ ವೇಗಕ್ಕೆ ಇಳಿಸುವುದನ್ನು ಇಪ್ಪತ್ತು ಬಾರಿ ಮಾಡಿ ಅವುಗಳನ್ನು ಪಳಗಿಸಿದ ಮೇಲೆ, ಭಾನುವಾರ ಮತ್ತೆ ನಂದಿಗೆ ಹೊರಡುತ್ತೇನೆ.